ಸೈಕಲ್ಲಿನಲ್ಲಿ ಭಾರತ ಸುತ್ತಿ ಸಿಯಾಚಿನ್ ಏರಿದ ಫ್ಯಾನಿ

ಕನ್ಯಾಕುಮಾರಿಯಿಂದ ಹಿಮಾಲಯದವರೆಗೆ ಸೈಕಲ್ ತುಳಿಯುವುದು ಇಂದಿಗೂ ಸಾಹಸವೇ ಸರಿ. ಡಾಂಬರು ರಸ್ತೆಗಳೇ ಇಲ್ಲದ ಕಾಲದಲ್ಲಿ, ಸ್ಥಳೀಯ ಭಾಷೆಗಳ ಗಂಧವೂ ಇಲ್ಲದ ಅಮೆರಿಕನ್ ದಂಪತಿ ಇಂಥದೊಂದು ಯಾತ್ರೆಗೆ ಹೊರಟಿದ್ದರು. ಅದು 1897. ಪತಿ ಡಾ. ವಿಲಿಯಂ ಹಂಟರ್ ವರ್ಕ್‌ಮನ್ ಅವರಿಗೆ ಆಗ 50 ವರ್ಷ, ಪತ್ನಿ ಫ್ಯಾನಿ ಬುಲಕ್ ವರ್ಕ್‌ಮನ್ ಅವರಿಗೆ 38.

ಫ್ಯಾನಿ ಜನಿಸಿದ್ದು 1859ರ ಜನವರಿ 8ರಂದು, ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ನಗರದಲ್ಲಿ. ತಂದೆ ಅಲೆಕ್ಸಾಂಡರ್ ಬುಲಕ್ ಆ ರಾಜ್ಯದ ಗವರ್ನರ್ ಆಗಿದ್ದವರು. ಸಿರಿತನದಲ್ಲಿ ಬೆಳೆದ ಫ್ಯಾನಿ 1882ರಲ್ಲಿ ತಮಗಿಂತ ಹನ್ನೆರಡು ವರ್ಷ ಹಿರಿಯರಾದ ವೈದ್ಯ ವಿಲಿಯಂ ಅವರ ಕೈಹಿಡಿದರು. ಅನಾರೋಗ್ಯದ ಕಾರಣದಿಂದ ಪತಿ ವೃತ್ತಿಯಿಂದ ನಿವೃತ್ತರಾದಾಗ ಕುಟುಂಬ ಜರ್ಮನಿಗೆ ತೆರಳಿತು. ಅಲ್ಲಿ 1893ರಲ್ಲಿ ಪುಟ್ಟ ಮಗ ಸೀಗ್‌ಫ್ರೀಡ್ ನ್ಯುಮೋನಿಯಾದಿಂದ ತೀರಿಕೊಂಡ. ಅನಂತರ ದಂಪತಿಗೆ ಅಲೆದಾಟವೇ ಬದುಕಾಯಿತು. 1895ರಲ್ಲಿ ಅಲ್ಜೀರಿಯಾ ಹಾಗೂ ಸ್ಪೇನ್‌ಗಳನ್ನು ಸೈಕಲ್ ಮೇಲೆಯೇ ಸುತ್ತಿದರು. ಮಗಳು ರಾಚೆಲ್ ಮಾತ್ರ ಹೆತ್ತವರಿಂದ ದೂರವೇ ಬೆಳೆದಳು.

ಸಿಲೋನ್, ಭಾರತ, ಬರ್ಮಾ ಮತ್ತು ಜಾವಾಗಳನ್ನೊಳಗೊಂಡ ಮುಂದಿನ ಪ್ರವಾಸ ಎರಡೂವರೆ ವರ್ಷ ನಡೆಯಿತು. ಕ್ರಮಿಸಿದ ದೂರ ಸುಮಾರು 14,000 ಮೈಲಿ. ಜೊತೆಯಲ್ಲಿದ್ದದ್ದು ಚಹಾ, ಸಕ್ಕರೆ, ಬಿಸ್ಕತ್ತು, ಡಬ್ಬಿಯ ಮಾಂಸ, ತಲಾ ಒಂದು ಕಂಬಳಿ, ಔಷಧಿ ಮತ್ತು ಸೈಕಲ್ ದುರಸ್ತಿಯ ಸಾಮಾನು. ಕೆಲವು ದಿನ ನಲವತ್ತು ಬಾರಿ ಟೈರು ಪಂಕ್ಚರ್ ಆದದ್ದೂ ಉಂಟು. ಉದ್ದನೆಯ ಲಂಗ ತೊಟ್ಟೇ ಫ್ಯಾನಿ ಪೆಡಲ್ ತುಳಿಯುತ್ತಿದ್ದರು. ಇಬ್ಬರಿಗೂ ಆಸಕ್ತಿ ಇದ್ದದ್ದು ಪ್ರಾಚೀನ ದೇಗುಲಗಳಲ್ಲಿ; ಇಲ್ಲಿನ ಶಿಲ್ಪಗಳನ್ನು ಅರಿಯಲು ರಾಮಾಯಣ, ಮಹಾಭಾರತಗಳನ್ನು ಓದಿಕೊಂಡಿದ್ದರು. ಈ ಅನುಭವ 1904ರಲ್ಲಿ ಗ್ರಂಥರೂಪದಲ್ಲಿ ಹೊರಬಂತು.

ಬಯಲಿನ ಬೇಸಿಗೆಯಿಂದ ತಪ್ಪಿಸಿಕೊಳ್ಳಲು 1898ರಲ್ಲಿ ಉತ್ತರದ ಪರ್ವತಗಳತ್ತ ಹೋದದ್ದೇ ಫ್ಯಾನಿ ಅವರ ಬದುಕಿನ ತಿರುವು. ಮುಂದಿನ ಹದಿನಾಲ್ಕು ವರ್ಷಗಳಲ್ಲಿ ದಂಪತಿ ಮತ್ತೆ ಮತ್ತೆ ಹಿಮಾಲಯ ಹಾಗೂ ಕಾರಕೋರಂ ಶ್ರೇಣಿಗಳಿಗೆ ಬಂದರು. ಒಂದು ವರ್ಷ ಯಾತ್ರೆಯ ವ್ಯವಸ್ಥೆ ಪತ್ನಿಯದಾದರೆ ಮರುವರ್ಷ ಪತಿಯದು. ಆ ಕಾಲಕ್ಕೆ ಇಂಥ ಸಮಪಾಲು ಅಪರೂಪ. 1906ರಲ್ಲಿ, ತಮ್ಮ 47ನೇ ವಯಸ್ಸಿನಲ್ಲಿ, ಫ್ಯಾನಿ ನುನ್ ಕುನ್ ಶ್ರೇಣಿಯ 6,930 ಮೀಟರ್ ಎತ್ತರದ ಪಿನಾಕಲ್ ಶಿಖರವನ್ನೇರಿದರು. ಮಹಿಳೆಯರ ಮಟ್ಟಿಗೆ ಆ ದಾಖಲೆ 1934ರವರೆಗೆ ಅಬಾಧಿತವಾಗಿತ್ತು. ಆನಿ ಪೆಕ್ ಎಂಬ ಮತ್ತೊಬ್ಬ ಅಮೆರಿಕನ್ ಮಹಿಳೆ ಪೆರುವಿನಲ್ಲಿ ಅದನ್ನು ಮುರಿದೆನೆಂದಾಗ, ಫ್ಯಾನಿ 13,000 ಡಾಲರ್ ವ್ಯಯಿಸಿ ಆ ಶಿಖರವನ್ನೇ ಅಳತೆ ಮಾಡಿಸಿದರು. ಅಳತೆ ಫ್ಯಾನಿ ಅವರ ಪರವಾಗಿಯೇ ಬಂತು.

1912ರಲ್ಲಿ ಸಿಯಾಚಿನ್ ಹಿಮನದಿಯ ಅನ್ವೇಷಣೆ ದಂಪತಿಯ ಕೊನೆಯ ಮಹಾಯಾತ್ರೆ. ಇಟಲಿಯ ಹೊರೆಯಾಳೊಬ್ಬ ಅಲ್ಲಿ ಹಿಮದ ಬಿರುಕಿಗೆ ಬಿದ್ದು ಮೃತಪಟ್ಟ. ಆದರೂ ಕೆಲಸ ನಿಲ್ಲಲಿಲ್ಲ. ಸುಮಾರು 21,000 ಅಡಿ ಎತ್ತರದ ಹಿಮದ ಬಯಲಿನಲ್ಲಿ, ಮಹಿಳೆಯರಿಗೆ ಮತದಾನದ ಹಕ್ಕು ಕೋರುವ ಪತ್ರಿಕೆಯನ್ನು ಬಿಡಿಸಿ ಹಿಡಿದು ಫ್ಯಾನಿ ಛಾಯಾಚಿತ್ರಕ್ಕೆ ನಿಂತರು. ಸ್ವದೇಶದ ಮಹಿಳೆಯರಿಗೆ ರಾಷ್ಟ್ರಮಟ್ಟದಲ್ಲಿ ಆ ಹಕ್ಕು ದೊರೆತದ್ದು 1920ರಲ್ಲಿ.

ಸಮಾನತೆಯ ಈ ದೃಷ್ಟಿ ಹೊರೆ ಹೊತ್ತವರತ್ತ ಮಾತ್ರ ಹರಿಯಲಿಲ್ಲ. ಸ್ಥಳೀಯ ಕೂಲಿಗಳೊಡನೆ ದಂಪತಿಗೆ ಸದಾ ಜಗಳ. ಪುಸ್ತಕಗಳಲ್ಲೂ ಅವರ ಬಗ್ಗೆ ಕಟುಮಾತೇ ಹೆಚ್ಚು. ಆದರೆ ಅವರ ಹೆಗಲಿಲ್ಲದೆ ಒಂದು ಡೇರೆಯೂ ಹಿಮನದಿಯನ್ನು ತಲುಪುತ್ತಿರಲಿಲ್ಲ.

ದೀರ್ಘ ಕಾಯಿಲೆಯ ನಂತರ ಫ್ಯಾನಿ 1925ರ ಜನವರಿ 22ರಂದು ಫ್ರಾನ್ಸಿನ ಕಾನ್ ನಗರದಲ್ಲಿ ನಿಧನರಾದರು. ನಾಲ್ಕು ಮಹಿಳಾ ಕಾಲೇಜುಗಳಿಗೆ 1,25,000 ಡಾಲರ್ ಬಿಟ್ಟುಹೋಗಿದ್ದರು. ದೂರವೇ ಉಳಿದಿದ್ದ ಮಗಳು ರಾಚೆಲ್ ಅಷ್ಟರಲ್ಲಿ ಭೂವಿಜ್ಞಾನಿಯಾಗಿ, 1919ರಲ್ಲಿ ಲಂಡನ್ನಿನ ಭೂವೈಜ್ಞಾನಿಕ ಸೊಸೈಟಿಗೆ ಆಯ್ಕೆಯಾದ ಮೊದಲ ಮಹಿಳೆಯರಲ್ಲಿ ಒಬ್ಬರಾಗಿದ್ದರು. ವಿಲಿಯಂ 1937ರವರೆಗೆ ಬದುಕಿದ್ದರು. ಹುಟ್ಟೂರು ವೂಸ್ಟರ್‌ನ ಸ್ಮಶಾನದಲ್ಲಿ ಒಂದೇ ಸ್ಮಾರಕ ಇಬ್ಬರನ್ನೂ ಹಿಮಾಲಯದ ಅನ್ವೇಷಕರೆಂದು ಸ್ಮರಿಸುತ್ತದೆ.