ಕಡಜದ ಗೂಡು

1879ರಲ್ಲಿ ತಿರುಚ್ಚುಳಿಯಲ್ಲಿ ಜನಿಸಿದ ವೆಂಕಟರಾಮನ್ ಎಂಬ ಬಾಲಕನು ಮಧುರೆಯಲ್ಲಿ ಮರಣಭಯವೊಂದರಿಂದ ಅಂತರ್ಮುಖನಾಗಿ, 1896ರ ಸೆಪ್ಟೆಂಬರ್ 1ರಂದು ಅರುಣಾಚಲವನ್ನು ಸೇರಿದನು. ಲೋಕವು ಆತನನ್ನು ರಮಣ ಮಹರ್ಷಿಯೆಂದು ಅರಿತದ್ದು ಅನಂತರ. 1899ರಿಂದ 1916ರವರೆಗೆ ವಿರೂಪಾಕ್ಷ ಗುಹೆಯೇ ಅವರ ಮನೆ.

ಆ ಕಾಲದಲ್ಲೊಮ್ಮೆ ಬೆಟ್ಟದಲ್ಲಿ ಅಸಾಧಾರಣ ಗಾತ್ರದ ಆಲದೆಲೆಯೊಂದು ಅವರ ಕಣ್ಣಿಗೆ ಬಿತ್ತು. ಅದರ ಮರವನ್ನರಸುತ್ತ ನಡೆಯುವಾಗ ಪೊದೆಯೊಂದಕ್ಕೆ ತೊಡೆ ತಗುಲಿತು. ಎಲೆಗಳ ಮರೆಯಲ್ಲಿ ಕಡಜದ ಗೂಡಿತ್ತು! ಕೆರಳಿದ ಕಡಜಗಳು ಆ ಕಾಲನ್ನೇ ಮುತ್ತಿ ಕುಟುಕತೊಡಗಿದವು. ಮಹರ್ಷಿಗಳು ಓಡಲಿಲ್ಲ, ಕೈ ಬೀಸಿ ಅವನ್ನು ಅಟ್ಟಲೂ ಇಲ್ಲ. ಗೂಡು ಕೆಡಿಸಿದ ಕಾಲಿಗೆ ಈ ಶಿಕ್ಷೆ ಉಚಿತವೇ ಎಂದು ಬಗೆದು, ಅವು ತಾವಾಗಿ ತಣಿಯುವವರೆಗೂ ಸುಮ್ಮನಿದ್ದರು. ಕಾಲು ಬಾತುಹೋಯಿತು. ಆ ಮರದ ಬುಡವನ್ನು ಮುಟ್ಟುವ ಆಸೆಯನ್ನು ಅಲ್ಲಿಗೇ ಬಿಟ್ಟರು.

ಬಹುಕಾಲದ ಮೇಲೆ ಭಕ್ತಕವಿ ಮುರುಗನಾರರು, ಅರಿಯದೆ ಆದದ್ದಕ್ಕೆ ಪಶ್ಚಾತ್ತಾಪವೇಕೆಂದು ಪದ್ಯರೂಪದಲ್ಲಿ ಕೇಳಿದರು. ಯಾರಿಗಾದರೂ ಮೂಡುವ ಸಂದೇಹವೇ. ಅರಿಯದೆ ಮಾಡಿದ್ದಕ್ಕೂ ಮರುಗದ ಮನಸ್ಸು ಎಂತಹುದೆಂದು ಮಹರ್ಷಿಗಳು ಪದ್ಯದಲ್ಲಿಯೇ ಮರುಪ್ರಶ್ನೆ ಹಾಕಿದರು. 1950ರ ಏಪ್ರಿಲ್ 14ರಂದು ದೇಹ ತ್ಯಜಿಸಿದ ಅವರು, ಆಶ್ರಮದ ಹಸು, ನಾಯಿ, ಕೋತಿಗಳನ್ನು ಅದು ಎನ್ನದೆ ಅವನು, ಅವಳು ಎಂದೇ ಕರೆಯುತ್ತಿದ್ದರು.