ಮಗುವಿಗಾಗಿ ಕಾದು ಕುಳಿತ ವೈದ್ಯ

ಡೊನಾಲ್ಡ್ ವಿನಿಕಾಟರ ಹೆಸರು ಮನಶ್ಶಾಸ್ತ್ರದ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದುದು. ಸಿದ್ಧಾಂತಕಾರರೆಂದು ಅವರನ್ನು ಕೊಂಡಾಡುವವರು ಬಹುಮಂದಿ. ವೈದ್ಯಶಾಸ್ತ್ರವನ್ನರಿಯದ ಕನ್ನಡ ಅಧ್ಯಾಪಕನಾದ ನನಗೆ ಮಾತ್ರ ಅವರು ಲಂಡನ್ನಿನ ಬಡತಾಯಂದಿರ ನಡುವೆ ಸುಮಾರು ನಾಲ್ಕು ದಶಕ ದುಡಿದ ಶಿಶುವೈದ್ಯರಾಗಿಯೇ ಹೆಚ್ಚು ಪ್ರಿಯರು.

1896ರಲ್ಲಿ ಪ್ಲಿಮತ್ ನಗರದ ಅನುಕೂಲಸ್ಥ ವರ್ತಕರ ಮನೆಯಲ್ಲಿ ಅವರ ಜನನ. ಕೇಂಬ್ರಿಡ್ಜ್‌ನಲ್ಲಿ ವ್ಯಾಸಂಗ, ಮೊದಲನೆಯ ಮಹಾಯುದ್ಧದಲ್ಲಿ ನೌಕಾಪಡೆಯ ಸೇವೆ, ಲಂಡನ್ನಿನಲ್ಲಿ ವೈದ್ಯಶಿಕ್ಷಣ. ಬಳಿಕ 1923ರಲ್ಲಿ ಪ್ಯಾಡಿಂಗ್ಟನ್ ಗ್ರೀನ್ ಮಕ್ಕಳ ಆಸ್ಪತ್ರೆಯನ್ನು ಸೇರಿದರು. ಹೊಟ್ಟೆನೋವು, ಉಬ್ಬಸ, ಊಟ ಒಲ್ಲದ ಹಟ ಎಂದು ತಾಯಂದಿರು ಮಕ್ಕಳನ್ನು ಎತ್ತಿ ತರುತ್ತಿದ್ದರು. ಈ ದೂರುಗಳಲ್ಲಿ ಎಷ್ಟೋ ಮನಸ್ಸಿನಲ್ಲಿ ಬೇರುಬಿಟ್ಟವೆಂಬುದನ್ನು ಅವರು ಬೇಗನೆ ಕಂಡುಕೊಂಡರು.

ಮಾತು ಬಾರದ ಕೂಸಿನ ಮನಸ್ಸನ್ನು ಅರಿಯುವುದೆಂತು? 1941ರ ಲೇಖನವೊಂದರಲ್ಲಿ ಅವರು ತಮ್ಮ ಕ್ರಮವನ್ನು ವಿವರಿಸಿದ್ದಾರೆ. ಗಂಟಲು ನೋಡುವಾಗ ನಾಲಿಗೆಯನ್ನು ಒತ್ತಿಹಿಡಿಯುವ ಹೊಳೆಯುವ ಲೋಹದ ಪಟ್ಟಿಯೊಂದನ್ನು ಮೇಜಿನ ಅಂಚಿನಲ್ಲಿಟ್ಟು, ತಾಯಿಯ ತೊಡೆಯ ಮೇಲಿನ ಮಗು ಏನು ಮಾಡುವುದೆಂದು ಸುಮ್ಮನೆ ನೋಡುತ್ತಿದ್ದರು. ಕೂಸು ಕೈಚಾಚುತ್ತದೆ, ತಡೆದು ತಾಯಿಯ ಮುಖ, ವೈದ್ಯರ ಮುಖ ನೋಡುತ್ತದೆ. ಧೈರ್ಯ ಬಂದಾಗ ಎತ್ತಿಕೊಂಡು ಬಾಯಿಗಿಟ್ಟು, ಜೊಲ್ಲು ಸುರಿಸಿ ಆಡುತ್ತದೆ. ಕೊನೆಗೆ ಕೆಳಗೆಸೆದು ನಲಿಯುತ್ತದೆ. ಏಳು ತಿಂಗಳ ಹೆಣ್ಣುಕೂಸೊಂದಕ್ಕೆ ಆ ತಡೆಯುವ ಗಳಿಗೆಯಲ್ಲಿಯೇ ಉಬ್ಬಸ ಕಾಣಿಸಿತು. ಪಟ್ಟಿಯನ್ನು ನಿರ್ಭಯವಾಗಿ ಹಿಡಿದಾಡತೊಡಗಿದಾಗ ಉಸಿರು ಸರಾಗವಾಯಿತು. ಅವಸರಿಸಿ ಪಟ್ಟಿಯನ್ನು ಬಾಯಿಗೆ ತುರುಕಿದ್ದರೆ ಕೂಸು ಬೆದರುತ್ತಿತ್ತು, ವೈದ್ಯರಿಗೆ ಏನೂ ಕಾಣುತ್ತಿರಲಿಲ್ಲ. ನೂಕುನುಗ್ಗಲಿನ ಆಸ್ಪತ್ರೆಯಲ್ಲಿ ಹೀಗೆ ಕಾಯಬಲ್ಲ ತಾಳ್ಮೆ ನನಗೆ ಯಾವ ಸಿದ್ಧಾಂತಕ್ಕಿಂತಲೂ ದೊಡ್ಡದೆನಿಸುತ್ತದೆ.

1939ರಲ್ಲಿ ಬಾಂಬಿನ ಭಯದಿಂದ ನಗರದ ಮಕ್ಕಳನ್ನು ಹಳ್ಳಿಗಳಿಗೆ ಸಾಗಿಸಿದಾಗ, ಎರಡರಿಂದ ಐದು ವರ್ಷದ ಎಳೆಯರನ್ನು ತಾಯಿಯಿಂದ ಅಗಲಿಸುವ ಅಪಾಯವನ್ನು ಕುರಿತು ಅವರು ಜಾನ್ ಬೌಲ್ಬಿ ಮತ್ತು ಇಮ್ಯಾನ್ಯುಯೆಲ್ ಮಿಲ್ಲರ್ ಅವರೊಡನೆ ವೈದ್ಯಪತ್ರಿಕೆಯಲ್ಲಿ ಎಚ್ಚರಿಸಿದರು. ಯುದ್ಧಕಾಲದಲ್ಲಿ, ಪರರ ಮನೆಗಳಲ್ಲಿ ಹೊಂದದೆ ಹೋದ ಮಕ್ಕಳ ವಸತಿಗೃಹಗಳಿಗೆ ಆಕ್ಸ್‌ಫರ್ಡ್ ಸೀಮೆಯಲ್ಲಿ ಸಲಹೆಗಾರರಾದರು. ಅಲ್ಲಿ ಜೊತೆಗೆ ದುಡಿದ ಕ್ಲೇರ್ ಬ್ರಿಟನ್ ಅವರನ್ನೇ 1951ರಲ್ಲಿ ವರಿಸಿದರು. ಅದು ಅವರ ಎರಡನೆಯ ವಿವಾಹ.

ಬಿ.ಬಿ.ಸಿ. ಭಾಷಣಗಳಲ್ಲಿ ಅವರು ತಾಯಂದಿರಿಗೆ ಉಪದೇಶಕ್ಕಿಂತ ಧೈರ್ಯವನ್ನೇ ಹೆಚ್ಚಾಗಿ ಕೊಟ್ಟರು. ಮಗುವಿಗೆ ಬೇಕಾದುದು ಪರಿಪೂರ್ಣಳಾದ ತಾಯಿಯಲ್ಲ, ಸಾಕಷ್ಟು ಒಳ್ಳೆಯ ತಾಯಿ ಎಂಬುದು ಅವರ ನಿಲುವು. ತಂದೆಗೆ ಅವರ ಬರಹದಲ್ಲಿ ದೊರೆತ ಜಾಗ ತೀರ ಕಿರಿದು. ಈ ಆಕ್ಷೇಪಣೆಯನ್ನು ನಾನೂ ಒಪ್ಪುತ್ತೇನೆ.

ತುಸು ದೊಡ್ಡ ಮಕ್ಕಳೊಡನೆ ಅವರು ಗೀಚಾಟವಾಡುತ್ತಿದ್ದರು. ವೈದ್ಯರು ಎಳೆದ ವಕ್ರರೇಖೆಯನ್ನು ಮಗು ಹಕ್ಕಿಯನ್ನೋ ಹಾವನ್ನೋ ಮಾಡುವುದು, ಮಗು ಗೀಚಿದ್ದನ್ನು ವೈದ್ಯರು ಚಿತ್ರವಾಗಿಸುವುದು. ಆ ನಡುವೆಯೇ ಬಚ್ಚಿಟ್ಟ ದುಃಖ ಹೊರಬರುತ್ತಿತ್ತು. ಸ್ವಂತ ಮಕ್ಕಳಿಲ್ಲದ ವಿನಿಕಾಟರು 1971ರ ಜನವರಿ 25ರಂದು ಲಂಡನ್ನಿನಲ್ಲಿ ನಿಧನರಾದರು. ಅವರೂ ಮಕ್ಕಳೂ ಕೂಡಿ ಎಳೆದ ಆ ಗೆರೆಗಳ ಪುಸ್ತಕ ಅದೇ ವರ್ಷ ಅಚ್ಚಾಗಿ ಬಂದಿತು.