ಅಮ್ಮ ಕರೆದ ಹೆಸರೇ ಕಾವ್ಯನಾಮವಾಯ್ತು: ನಂದಳಿಕೆಯ ಲಕ್ಷ್ಮೀನಾರಣಪ್ಪ ‘ಮುದ್ದಣ’ನಾದ ಕಥೆ

ಮಸ್ಕತ್, ಸೊಹಾರ್, ಸಲಾಲ ಅಂತ ಒಮಾನಿನ ಉದ್ದಗಲಕ್ಕೂ ದುಡಿಯುತ್ತಿರುವ ಕರಾವಳಿ ಕನ್ನಡಿಗರಿಗೆ ಎರಡೆರಡು ಹೆಸರು ಇರೋದು ಹೊಸತೇನಲ್ಲ. ಪಾಸ್‌ಪೋರ್ಟ್ ಮತ್ತು ರೆಸಿಡೆಂಟ್ ಕಾರ್ಡಿನಲ್ಲಿ ಅಪ್ಪನ ಹೆಸರು, ಮನೆತನದ ಹೆಸರು ಎಲ್ಲ ಸೇರಿದ ಉದ್ದದ ಹೆಸರು ಒಂದು. ಊರಿಂದ ಅಮ್ಮ ಫೋನ್ ಮಾಡಿದಾಗ ಬಾಯಿತುಂಬ ಕರೆಯುವ ಹೆಸರು ಇನ್ನೊಂದು. ಹಾಗೆ ಮನೆಯಲ್ಲಿ ಕರೆದ ಹೆಸರನ್ನೇ ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಉಳಿಸಿ ಹೋದವರು ನಮ್ಮ ಕಾರ್ಕಳ ತಾಲೂಕಿನ ನಂದಳಿಕೆಯ ಕವಿ ಮುದ್ದಣ. ಆದರೆ ಆ ಹೆಸರಿನ ಹಿಂದೆ ಇರುವ ಮನುಷ್ಯ ಯಾರು ಅಂತ ಅವರು ಬದುಕಿದ್ದಷ್ಟು ದಿನ ಓದುಗರಿಗೆ ಗೊತ್ತೇ ಇರಲಿಲ್ಲ.

ಬಡತನದ ಮನೆ, ಅರ್ಧಕ್ಕೆ ನಿಂತ ಓದು

ಮುದ್ದಣ ಹುಟ್ಟಿದ್ದು 1870ರ ಜನವರಿ 24ರಂದು, ಬೆಳ್ಮಣ್ ಹತ್ತಿರದ ನಂದಳಿಕೆಯಲ್ಲಿ. ಸಿರಿ ಜಾತ್ರೆಯಿಂದ ಕರಾವಳಿಯವರಿಗೆಲ್ಲ ಪರಿಚಯವಿರುವ ಊರು ಅದು. ತಂದೆ ಪಾಠಾಳಿ ತಿಮ್ಮಪ್ಪಯ್ಯ, ತಾಯಿ ಮಹಾಲಕ್ಷ್ಮಮ್ಮ. ಮಗುವಿಗೆ ಇಟ್ಟ ಹೆಸರು ಲಕ್ಷ್ಮೀನಾರಣಪ್ಪ. ನೋಡಲು ಮುದ್ದುಮುದ್ದಾಗಿದ್ದ ಮಗನನ್ನು ತಾಯಿ ಮುದ್ದಣ ಅಂತ ಕರೆಯುತ್ತಿದ್ದರು. ಮನೆಯೊಳಗೆ ಆ ಹೆಸರೇ ನಿಂತಿತು.

ಊರಿನ ಶಾಲೆ ಮುಗಿಸಿ ಹೆಚ್ಚಿನ ಓದಿಗೆ ಉಡುಪಿಗೆ ಬಂದರು. ಆದರೆ ಮನೆಯ ಬಡತನ ಓದನ್ನು ಮುಂದುವರಿಸಲು ಬಿಡಲಿಲ್ಲ. ಬೇಗ ಸಂಬಳ ಸಿಗುವ ಕೆಲಸ ಬೇಕಿತ್ತು. ವ್ಯಾಯಾಮ ಶಿಕ್ಷಣದ ತರಬೇತಿ ಪಡೆದು ಉಡುಪಿಯಲ್ಲಿ ಡ್ರಿಲ್ ಮಾಸ್ಟರ್ ಆದರು. ಕೆಲಕಾಲ ಕುಂದಾಪುರದಲ್ಲೂ ಕೆಲಸ ಮಾಡಿದರು. ಮನೆಯ ಕಷ್ಟಕ್ಕೆ ಓದು ಬಿಟ್ಟು, ಸಿಕ್ಕ ಕೆಲಸ ಹಿಡಿದು ವಿಮಾನ ಹತ್ತಿದ ಎಷ್ಟೋ ಮಂದಿಗೆ ಈ ದಾರಿ ಅರ್ಥವಾಗದೆ ಇರಲಾರದು.

ಹಗಲು ಮಕ್ಕಳಿಗೆ ಕಸರತ್ತು ಕಲಿಸೋದು, ಉಳಿದ ಹೊತ್ತಿನಲ್ಲಿ ಹಳೆಗನ್ನಡ ಕಾವ್ಯ ಓದೋದು. ಕನ್ನಡ ಪಂಡಿತರಾಗಿದ್ದ ಮಳಲಿ ಸುಬ್ಬರಾಯರ ಒಡನಾಟ ಅವರ ಓದಿಗೆ ಬಲ ಕೊಟ್ಟಿತು. ಯಕ್ಷಗಾನದ ಗೀಳು ಕರಾವಳಿಯ ಹುಡುಗನಿಗೆ ಇರಲೇಬೇಕಲ್ಲ. ‘ರತ್ನಾವತಿ ಕಲ್ಯಾಣ’ ಮತ್ತು ‘ಕುಮಾರ ವಿಜಯ’ ಎಂಬ ಎರಡು ಯಕ್ಷಗಾನ ಪ್ರಸಂಗಗಳು ಅವರ ಲೇಖನಿಯಿಂದಲೇ ಬಂದವು.

ಮೈಸೂರಿಗೆ ಹೋದ ‘ಹಳೆಯ’ ಕಾವ್ಯ

ಆಗ ದಕ್ಷಿಣ ಕನ್ನಡ ಇದ್ದದ್ದು ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ. ಮೈಸೂರು ಬೇರೆ ಸಂಸ್ಥಾನ. ನಡುವೆ ಘಟ್ಟ. ಕನ್ನಡದ ಪಂಡಿತರು, ರಾಜಾಶ್ರಯ, ಅಚ್ಚುಕೂಟ ಅಂದರೆ ಎಲ್ಲರ ಕಣ್ಣು ಮೈಸೂರಿನ ಕಡೆಗೇ. ಅಲ್ಲಿ ಎಸ್. ಜಿ. ನರಸಿಂಹಾಚಾರ್ಯ ಮತ್ತು ಎಂ. ಎ. ರಾಮಾನುಜಯ್ಯಂಗಾರ್ ಸೇರಿ ‘ಕಾವ್ಯಮಂಜರಿ’ ಎಂಬ ಪತ್ರಿಕೆ ನಡೆಸುತ್ತಿದ್ದರು. ಓಲೆಗರಿಗಳಲ್ಲಿ ಹುಳ ತಿನ್ನುತ್ತಿದ್ದ ಹಳೆಯ ಕಾವ್ಯಗಳನ್ನು ಹುಡುಕಿ ಅಚ್ಚು ಹಾಕಿಸೋದು ಅದರ ಕೆಲಸ.

ಉಡುಪಿಯ ಡ್ರಿಲ್ ಮಾಸ್ಟರ್ ಬರೆದ ಕಾವ್ಯಕ್ಕೆ ಅಂಥ ಪತ್ರಿಕೆಯಲ್ಲಿ ಜಾಗ ಎಲ್ಲಿಂದ ಬರಬೇಕು? ದೊಡ್ಡ ಪದವಿ ಇಲ್ಲ, ಹೇಳಿಕೊಡುವವರಿಲ್ಲ, ವಯಸ್ಸು ಇನ್ನೂ ಇಪ್ಪತ್ತೈದರ ಆಸುಪಾಸು. ಸ್ವಭಾವವೂ ಸಂಕೋಚದ್ದು. ಆಗ ಅವರು ಹಿಡಿದ ದಾರಿ ವಿಚಿತ್ರವಾದದ್ದು. ತಾವೇ ಹಳೆಗನ್ನಡದಲ್ಲಿ ಬರೆದ ‘ಅದ್ಭುತ ರಾಮಾಯಣ’ವನ್ನು, ಇದು ಮುದ್ದಣ ಎಂಬ ಹಿಂದಿನ ಕವಿಯ ಕೃತಿ ಎಂದು ಹೇಳಿ ಮೈಸೂರಿಗೆ ಕಳಿಸಿದರು. ಸಾವಿರ ತಲೆಯ ರಾವಣನನ್ನು ಸೀತೆಯೇ ಕೊಲ್ಲುವ ಕಥೆ ಅದು. ಭಾಷೆ ಎಷ್ಟು ಪಳಗಿತ್ತು ಅಂದರೆ ಪಂಡಿತರಿಗೂ ಅನುಮಾನ ಬರಲಿಲ್ಲ. 1895ರಲ್ಲಿ ಅದು ಅಚ್ಚಾಯಿತು.

ಮರುವರ್ಷ ವಾರ್ಧಕ ಷಟ್ಪದಿಯಲ್ಲಿ ಬರೆದ ‘ಶ್ರೀರಾಮ ಪಟ್ಟಾಭಿಷೇಕ’ ಹೊರಬಂತು. ಅದರಲ್ಲೂ ಸ್ವಂತ ಹೆಸರಿಲ್ಲ. ಈ ಸಲ ಕವಿಯ ಹೆಸರಾಗಿ ಹೋದದ್ದು ಮಹಾಲಕ್ಷ್ಮಿ, ಅಂದರೆ ತಾಯಿಯ ಹೆಸರು. ಒಂದು ಕೃತಿಗೆ ಅಮ್ಮ ತನ್ನನ್ನು ಕರೆದ ಹೆಸರು, ಇನ್ನೊಂದಕ್ಕೆ ಅಮ್ಮನದೇ ಹೆಸರು. ಶಾಲೆಯ ದಾಖಲೆಯ ಲಕ್ಷ್ಮೀನಾರಣಪ್ಪ ಮಾತ್ರ ಎಲ್ಲೂ ಕಾಣಿಸಲಿಲ್ಲ.

ಮನೋರಮೆ ಬಂದಳು

1893ರಲ್ಲಿ ಅವರಿಗೆ ಘಟ್ಟದ ಮೇಲಿನ ಕಾಗೋಡಿನ ಕಮಲಾಬಾಯಿ ಅವರೊಡನೆ ಮದುವೆಯಾಗಿತ್ತು. ರಾಧಾಕೃಷ್ಣ ಎಂಬ ಮಗನೂ ಹುಟ್ಟಿದ. ಮುದ್ದಣನನ್ನು ಅಮರನನ್ನಾಗಿ ಮಾಡಿದ ‘ಶ್ರೀರಾಮಾಶ್ವಮೇಧ’ ಇದೇ ಕಾಲದ್ದು. ರಾಮ ಪಟ್ಟಕ್ಕೆ ಬಂದ ಮೇಲೆ ಬಿಟ್ಟ ಅಶ್ವಮೇಧದ ಕುದುರೆಯ ಕಥೆ ಇದರ ವಸ್ತು. ಆದರೆ ಜನ ನೆನಪಿಟ್ಟದ್ದು ಕುದುರೆಯನ್ನಲ್ಲ, ಗಂಡಹೆಂಡಿರ ಮಾತನ್ನು.

ಮಳೆಗಾಲದ ಒಂದು ಸಂಜೆ. ಅರಮನೆಯಿಂದ ದಣಿದು ಮನೆಗೆ ಬರುತ್ತಾನೆ ಕವಿ ಮುದ್ದಣ. ಹೆಂಡತಿ ಮನೋರಮೆ ಉಪಚಾರ ಮಾಡಿ, ಹೊತ್ತು ಹೋಗಲು ಒಂದು ಕಥೆ ಹೇಳು ಅಂತ ಹಟ ಹಿಡಿಯುತ್ತಾಳೆ. ಪದ್ಯವೋ ಗದ್ಯವೋ ಅಂತ ಚರ್ಚೆಯಾಗುತ್ತದೆ. ಅವಳು ಗದ್ಯವೇ ಬೇಕು ಅನ್ನುತ್ತಾಳೆ. ಅವನು ಸಂಸ್ಕೃತ ತುರುಕಿದರೆ ಅರ್ಥವಾಗುವ ಕನ್ನಡದಲ್ಲಿ ಹೇಳು ಅಂತ ತಡೆಯುತ್ತಾಳೆ. ನಡುನಡುವೆ ಪ್ರಶ್ನೆ, ತಮಾಷೆ, ಹುಸಿಮುನಿಸು. ಮಾತಿನ ರೂಪ ಹಳೆಗನ್ನಡ, ಆದರೆ ಒಳಗಿರುವುದು ನಮ್ಮ ನಿಮ್ಮ ಮನೆಯ ಸಂಸಾರ. ಕನ್ನಡ ಶಾಲೆಗಳಲ್ಲಿ ಓದಿದ ಹಲವರಿಗೆ ಮುದ್ದಣ-ಮನೋರಮೆಯರ ಸಲ್ಲಾಪ ಪಾಠವಾಗಿದ್ದ ನೆನಪಿರಬಹುದು. ಮನೋರಮೆಯಲ್ಲಿ ಕಮಲಾಬಾಯಿಯವರ ನೆರಳನ್ನು ಕಂಡವರೂ ಬಹಳ ಮಂದಿ.

ಇಲ್ಲೊಂದು ಸ್ವಾರಸ್ಯವಿದೆ. ನಿಜದ ಲಕ್ಷ್ಮೀನಾರಣಪ್ಪನಿಗೆ ಅರಮನೆಯೂ ಇರಲಿಲ್ಲ, ರಾಜನ ಮನ್ನಣೆಯೂ ಇರಲಿಲ್ಲ. ಪುಸ್ತಕದೊಳಗಿನ ಮುದ್ದಣನಿಗೆ ಅವೆರಡೂ ಉಂಟು. ಕಾವ್ಯನಾಮ ಅವರಿಗೆ ಬರೀ ಮುಸುಕಾಗಿರಲಿಲ್ಲ. ಬದುಕಿನಲ್ಲಿ ಸಿಗದೇ ಹೋದ ಸ್ಥಾನವನ್ನು ಆ ಹೆಸರಿನಲ್ಲಿ ಪಡೆದುಕೊಂಡರು.

ಹೊಗಳಿಕೆ ಬಂದಾಗ ಆಳೇ ಇರಲಿಲ್ಲ

ಇಷ್ಟೆಲ್ಲ ಬರೆಯುವ ಹೊತ್ತಿಗೆ ಕ್ಷಯರೋಗ ಅಂಟಿಕೊಂಡಿತ್ತು. ಆ ಕಾಲದಲ್ಲಿ ಅದಕ್ಕೆ ಮದ್ದಿರಲಿಲ್ಲ. ಇನ್ನೊಬ್ಬರ ಮಕ್ಕಳಿಗೆ ಮೈ ಗಟ್ಟಿ ಮಾಡಲು ಕಲಿಸಿದ ಮಾಸ್ಟರ್, ತಾವು ಮಾತ್ರ 1901ರ ಫೆಬ್ರುವರಿಯಲ್ಲಿ, 31ನೇ ವಯಸ್ಸಿಗೇ ತೀರಿಕೊಂಡರು. ಸಣ್ಣ ಮಗ, ಎಳೆಯ ಹೆಂಡತಿ ಉಳಿದರು.

ಮುದ್ದಣ ಅನ್ನೋನು ಹಳೆಯ ಕಾಲದ ಕವಿಯಲ್ಲ, ಉಡುಪಿಯಲ್ಲಿ ಡ್ರಿಲ್ ಕಲಿಸುತ್ತಿದ್ದ ನಂದಳಿಕೆಯ ಲಕ್ಷ್ಮೀನಾರಣಪ್ಪ ಅಂತ ನಾಡಿಗೆ ತಿಳಿದದ್ದು ಅವರು ಹೋದ ಮೇಲೆ. ಅಷ್ಟರಲ್ಲಿ ಬೆನ್ನು ತಟ್ಟಲು ಆಳೇ ಇರಲಿಲ್ಲ. ಹೊಸಗನ್ನಡದ ಬೆಳಗನ್ನು ಮೊದಲು ಸಾರಿದ ಮುಂಗೋಳಿ ಅಂತ ಇಂದು ವಿಮರ್ಶಕರು ಅವರನ್ನು ಗೌರವಿಸುತ್ತಾರೆ. 2017ರಲ್ಲಿ ಭಾರತೀಯ ಅಂಚೆ ಇಲಾಖೆ ಅವರ ಅಂಚೆಚೀಟಿಯನ್ನೇ ತಂದಿತು.

ಕಾವ್ಯನಾಮ ಇಟ್ಟುಕೊಂಡ ಕನ್ನಡ ಕವಿಗಳು ಆಮೇಲೆ ತುಂಬ ಜನ ಬಂದರು. ಬೇಂದ್ರೆಯವರು ಅಂಬಿಕಾತನಯದತ್ತ ಎಂದು ಅಮ್ಮನ ಹೆಸರನ್ನು ಮುಂದಿಟ್ಟುಕೊಂಡರು. ಪಂಜೆ ಮಂಗೇಶರಾಯರು ಕವಿಶಿಷ್ಯ ಆದರು. ಆದರೆ ಆ ಹೆಸರಿನ ಹಿಂದೆ ಇರುವವರು ಯಾರು ಅಂತ ಓದುಗರಿಗೆ ಗೊತ್ತಿತ್ತು, ಸನ್ಮಾನವೂ ಸಿಕ್ಕಿತು. ಮುದ್ದಣನಿಗೆ ಆ ಭಾಗ್ಯ ಬರಲಿಲ್ಲ.

ಮಗನ ಹೆಸರು ಹಿಡಿದು ಅಪ್ಪನನ್ನು ಕರೆಯುವ ಒಮಾನಿನವರಿಗೆ ಇದು ತಟ್ಟನೆ ಅರ್ಥವಾದೀತು. ಇಲ್ಲಿನ ದೊಡ್ಡ ಕವಿ ನಾಸಿರ್ ಬಿನ್ ಸಾಲಿಮ್ ಅಲ್ ಬಹ್ಲಾನಿ ಮುದ್ದಣನ ಸಮಕಾಲೀನರು. ಅವರು ಜನಕ್ಕೆ ಗೊತ್ತಿರುವುದು ಅಬು ಮುಸ್ಲಿಮ್ ಎಂದು. ಒಮಾನಿನಲ್ಲಿ ಹುಟ್ಟಿ, ಕಡಲು ದಾಟಿ ಜಾಂಜಿಬಾರಿಗೆ ಹೋಗಿ, ಅಲ್ಲಿ ನ್ಯಾಯಾಧೀಶರಾಗಿ, ಪತ್ರಿಕೆ ನಡೆಸಿ, 1920ರಲ್ಲಿ ಅಲ್ಲೇ ಕಣ್ಣುಮುಚ್ಚಿದರು. ಅರಬಿ ಸಮುದ್ರದ ಈ ದಡದಲ್ಲೂ ಆ ದಡದಲ್ಲೂ ಕಾಗದದ ಹೆಸರಿಗಿಂತ ಮನೆಯ ನಂಟಿನ ಹೆಸರೇ ಕವಿಗಳಿಗೆ ಗಟ್ಟಿಯಾಗಿ ನಿಂತಿದೆ.

ಕೆಲಸ ಮುಗಿಸಿ ಬಂದ ಮೇಲೆ ಮೊಬೈಲಿನಲ್ಲೋ ಹಳೆಯ ಡೈರಿಯಲ್ಲೋ ನಾಲ್ಕು ಸಾಲು ಬರೆದು, ನಾನ್ಯಾರು ಬರೆಯಲಿಕ್ಕೆ ಅಂತ ಮುಚ್ಚಿಡುವವರು ಗಲ್ಫಿನ ಕ್ಯಾಂಪುಗಳಲ್ಲಿ ಕಡಿಮೆ ಇಲ್ಲ. ಹೆಸರು ಹಾಕಲು ಸಂಕೋಚವಾದರೆ ಅಮ್ಮ ಕರೆಯುವ ಹೆಸರಿನಲ್ಲೇ ಬರೆಯಬಹುದು. ಆದರೆ ಅದು ಯಾರದ್ದು ಅಂತ ಮನೆಯವರಿಗಾದರೂ, ಒಬ್ಬ ಸ್ನೇಹಿತನಿಗಾದರೂ ಈಗಲೇ ಹೇಳಿಟ್ಟರೆ ಒಳ್ಳೆಯದು. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ, ಕಾರ್ಕಳದ ಕಡೆ ಹೋಗುವ ದಾರಿಯಲ್ಲಿ ನಂದಳಿಕೆಗೂ ಒಮ್ಮೆ ಹೋಗಿ ಬನ್ನಿ. ಮಕ್ಕಳನ್ನೂ ಕರೆದುಕೊಂಡು ಹೋಗಿ, ಲಕ್ಷ್ಮೀನಾರಣಪ್ಪ ಅನ್ನುವ ಆ ಇನ್ನೊಂದು ಹೆಸರನ್ನೂ ಅವರಿಗೆ ಹೇಳಿಕೊಡಿ.